ಗುಜರಿ ಚೈನ್ ವೀಲ್ ಮತ್ತು ಹಬ್ ಮೋಟಾರ್: ಹಲ್ಲಿನ ಲೆಕ್ಕ, ಹಣದ ಲೆಕ್ಕ

ಸರಕು ಸಾಗಿಸುವ ಮೂರು ಚಕ್ರದ ಸೈಕಲ್‌ಗಳಿಗೆ ವಿದ್ಯುತ್ ಮೋಟಾರ್ ಅಳವಡಿಸಿಕೊಡುವ ಕೆಲಸವು ಸಣ್ಣ ಫ್ಯಾಬ್ರಿಕೇಷನ್ ಘಟಕಗಳಿಗೆ ಒಂದು ಹೊಸ ಉದ್ಯಮಾವಕಾಶವಾಗಿದೆ. ಈ ಕೆಲಸಕ್ಕೆ ಬೇಕಾಗುವ ಮೋಟಾರ್, ಬ್ಯಾಟರಿ ಮತ್ತು ಕಂಟ್ರೋಲರ್‌ಗಳನ್ನು ಹೊಸದಾಗಿಯೇ ಕೊಳ್ಳಬೇಕು. ಉಳಿತಾಯಕ್ಕೆ ಅವಕಾಶ ಕಾಣುವುದು ಚೈನ್ ವೀಲ್‌ನಲ್ಲಿ ಮಾತ್ರ. ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ದೊರೆಯುವ ಹಳೆಯ ಸೈಕಲ್ ಚೈನ್ ವೀಲ್‌ಗಳನ್ನು ಪರಿಷ್ಕರಿಸಿ ಮೋಟಾರಿಗೆ ಜೋಡಿಸಿದರೆ ಆ ಭಾಗದ ವೆಚ್ಚವು ಬಹುಪಾಲು ತಪ್ಪುತ್ತದೆ ಎಂದು ಉದ್ಯಮಿಗಳು ಭಾವಿಸುವುದು ಸಹಜ.

ಈ ಭಾವನೆ ಭಾಗಶಃ ಮಾತ್ರ ಸರಿ. ಗುಜರಿಯ ಬೆಲೆಯು ಒಟ್ಟು ವೆಚ್ಚದ ಒಂದು ಸಣ್ಣ ಅಂಶ. ಆ ಚಕ್ರದಲ್ಲಿ ಎಷ್ಟು ಹಲ್ಲುಗಳಿವೆ, ಅದನ್ನು ಸಿದ್ಧಪಡಿಸಲು ಎಷ್ಟು ನಿಮಿಷ ಹಿಡಿಯುತ್ತದೆ, ಲೆಕ್ಕಪುಸ್ತಕದಲ್ಲಿ ಅದನ್ನು ಯಾವ ಹೆಸರಿನಲ್ಲಿ ಬರೆಯಲಾಗಿದೆ ಎಂಬ ಮೂರು ಸಂಗತಿಗಳೇ ಲಾಭ-ನಷ್ಟವನ್ನು ನಿರ್ಧರಿಸುತ್ತವೆ. ಪ್ರಸ್ತುತ ಲೇಖನದಲ್ಲಿ ಈ ಮೂರನ್ನೂ ಕ್ರಮವಾಗಿ ಪರಿಶೀಲಿಸಲಾಗಿದೆ.

1. ಚೈನ್ ವೀಲ್ ಏಕೆ ಬೇಕು?

ಹಬ್ ಮೋಟಾರ್ ಎಂದರೆ ಚಕ್ರದ ಗುಂಬದೊಳಗೆ ಅಡಗಿರುವ ಮೋಟಾರ್. ಎರಡು ಚಕ್ರದ ಸೈಕಲ್‌ನಲ್ಲಿ ಅದರ ಸುತ್ತ ಕಡ್ಡಿಗಳನ್ನು ಹೆಣೆದರೆ ಚಕ್ರವೇ ನೇರವಾಗಿ ತಿರುಗುತ್ತದೆ. ಬೇರೆ ಚೈನ್ ಬೇಕಿಲ್ಲ. ಸರಕು ಟ್ರೈಸಿಕಲ್‌ನ ರಚನೆ ಬೇರೆ. ಅಲ್ಲಿ ಹಿಂದಿನ ಎರಡು ಚಕ್ರಗಳಿಗೂ ಉದ್ದನೆಯ ಒಂದೇ ಅಚ್ಚು ಇರುವುದರಿಂದ ಹಿಂಬದಿಯಲ್ಲಿ ಹಬ್ ಮೋಟಾರನ್ನು ಹೆಣೆಯಲು ಸ್ಥಳವಿಲ್ಲ. ಮುಂದಿನ ಚಕ್ರದಲ್ಲಿ ಹೆಣೆಯಬಹುದಾದರೂ ಹೊರೆಯೆಲ್ಲ ಹಿಂದೆ ಇರುವುದರಿಂದ ಏರಿನಲ್ಲಿ ಮುಂದಿನ ಚಕ್ರ ಹಿಡಿತ ತಪ್ಪಿ ಜಾರುತ್ತದೆ. ಆದುದರಿಂದ ಮೋಟಾರನ್ನು ಚೌಕಟ್ಟಿನ ನಡುವೆ ಕೂರಿಸಿ, ಅದರ ಪಾರ್ಶ್ವಕ್ಕೆ ಒಂದು ಚೈನ್ ವೀಲ್ ಬಿಗಿದು, ಹಿಂದಿನ ಅಚ್ಚಿನಲ್ಲಿರುವ ಇನ್ನೊಂದು ಚೈನ್ ವೀಲ್‌ಗೆ ಸರಪಳಿಯ ಮೂಲಕ ಶಕ್ತಿಯನ್ನು ಸಾಗಿಸುವ ವಿಧಾನವು ಅನುಕೂಲಕರ. ಒಂದು ಗಾಡಿಗೆ ಎರಡು ಚೈನ್ ವೀಲ್‌ಗಳು ಬೇಕಾಗುತ್ತವೆ. ಮೋಟಾರಿನ ಕಡೆ ಸಣ್ಣದು, ಅಚ್ಚಿನ ಕಡೆ ದೊಡ್ಡದು.

2. ಜೋಡಣೆಯ ತಾಂತ್ರಿಕ ಅಂಶಗಳು

ವೆಚ್ಚವನ್ನು ಲೆಕ್ಕ ಹಾಕುವವರು ಕೆಲಸದ ಸ್ವರೂಪವನ್ನು ತಿಳಿದಿರಬೇಕು. ಮುಖ್ಯ ಅಂಶಗಳು ಇಂತಿವೆ.

(ಅ) ಹಲ್ಲಿನ ಅಂತರ: ಸೈಕಲ್ ಸರಪಳಿಯ ಪಿಚ್ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಇದು ಎಲ್ಲ ಸಾಮಾನ್ಯ ಸೈಕಲ್‌ಗಳಿಗೂ ಒಂದೇ. ದಪ್ಪದಲ್ಲಿ ಮಾತ್ರ ವ್ಯತ್ಯಾಸವಿದೆ. ಸಾದಾ ಸೈಕಲ್‌ನ ಉಕ್ಕಿನ ಚೈನ್ ವೀಲ್ ಅಗಲವಾದ 1/8 ಅಂಗುಲದ ಸರಪಳಿಗೆ ತಕ್ಕುದು. ಗೇರ್ ಸೈಕಲ್‌ನದು 3/32 ಅಂಗುಲದ ಕಿರಿದಾದ ಸರಪಳಿಗೆ ತಕ್ಕುದು. ದಪ್ಪ ಚಕ್ರದ ಮೇಲೆ ಕಿರಿದಾದ ಸರಪಳಿ ಕೂರುವುದಿಲ್ಲ.

(ಆ) ಗೇರ್ ಸೈಕಲ್‌ನ ಚಕ್ರಗಳು: ಇವುಗಳಲ್ಲಿ ಸರಪಳಿಯು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಜಿಗಿಯಲೆಂದು ಕೆಲವು ಹಲ್ಲುಗಳನ್ನು ಮೊಟಕಾಗಿ ಕತ್ತರಿಸಿ, ಪಕ್ಕದಲ್ಲಿ ಇಳಿಜಾರು ಮಾಡಿರುತ್ತಾರೆ. ಗೇರ್ ಬದಲಿಸುವವನಿಗೆ ಇದು ಗುಣ. ಒಂದೇ ಚಕ್ರದ ಮೇಲೆ ಓಡಬೇಕಾದ ಸರಪಳಿಗೆ ಇದೇ ದೋಷ. ಕುಲುಕಾಟದಲ್ಲಿ ಸರಪಳಿ ಕಳಚಿಕೊಳ್ಳುತ್ತದೆ. ಇಂಥವನ್ನು ಆಯ್ಕೆಯ ಹಂತದಲ್ಲಿಯೇ ತಿರಸ್ಕರಿಸುವುದು ಕ್ಷೇಮ. ಸಾದಾ ಸೈಕಲ್‌ಗಳಿಂದ ದೊಡ್ಡ ಚಕ್ರಗಳೂ ಮಕ್ಕಳ ಸೈಕಲ್‌ಗಳಿಂದ ಸಣ್ಣ ಚಕ್ರಗಳೂ ದೊರೆಯುತ್ತವೆ.

(ಇ) ರಂಧ್ರಗಳ ಹೊಂದಾಣಿಕೆ: ಅನೇಕ ಹಬ್ ಮೋಟಾರ್‌ಗಳ ಎಡಭಾಗದಲ್ಲಿ ಡಿಸ್ಕ್ ಬ್ರೇಕ್ ಬಿಗಿಯಲು 44 ಮಿ.ಮೀ. ವ್ಯಾಸದ ವೃತ್ತದ ಮೇಲೆ ಆರು ರಂಧ್ರಗಳಿರುತ್ತವೆ. ಅವಕ್ಕೆ 5 ಮಿ.ಮೀ. ಬೋಲ್ಟ್ ಹಿಡಿಸುತ್ತದೆ. ಹಳೆಯ ಚೈನ್ ವೀಲ್‌ನಲ್ಲಿ ಈ ರಂಧ್ರಗಳಿರುವುದಿಲ್ಲ. ಕ್ರ್ಯಾಂಕ್ ಅನ್ನು ಕತ್ತರಿಸಿ ತೆಗೆದು, ಉಕ್ಕಿನ ನಡುತಟ್ಟೆಯೊಂದನ್ನು ತಯಾರಿಸಿ, ಅದರ ಒಳವೃತ್ತವನ್ನು ಮೋಟಾರಿಗೂ ಹೊರವೃತ್ತವನ್ನು ಚೈನ್ ವೀಲ್‌ಗೂ ಹೊಂದಿಸಬೇಕು. ಎರಡರ ಕೇಂದ್ರವೂ ಒಂದೇ ಆಗಿರುವಂತೆ ನಡುವಿನ ತೂತನ್ನು ಲೇತ್‌ನಲ್ಲಿ ಕೊರೆಯಬೇಕು. ಬೋಲ್ಟ್‌ಗಳು ಬಿಗಿಹಿಡಿಯಲು ಮಾತ್ರ ಇರುವುವು. ಕೇಂದ್ರವನ್ನು ನಿಲ್ಲಿಸುವುದು ಅವುಗಳ ಕೆಲಸವಲ್ಲ. ಕೇಂದ್ರ ತಪ್ಪಿದ ಚಕ್ರದಲ್ಲಿ ಸರಪಳಿಯು ಪ್ರತಿ ಸುತ್ತಿಗೂ ಒಮ್ಮೆ ಬಿಗಿದು ಒಮ್ಮೆ ಸಡಿಲಗೊಳ್ಳುತ್ತದೆ.

(ಈ) ತಿರುಗುವ ದಿಕ್ಕು: ಗೇರ್ ಇರುವ ಹಬ್ ಮೋಟಾರಿನ ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಸರಪಳಿಯನ್ನು ಬಲಗಡೆ ತರಬೇಕೆಂದು ಮೋಟಾರನ್ನೇ ತಿರುವಿ ಕೂರಿಸಿದರೆ ದಿಕ್ಕು ಹಿಮ್ಮುಖವಾಗಿ, ಮೋಟಾರ್ ಓಡಿದರೂ ಗಾಡಿ ಚಲಿಸುವುದಿಲ್ಲ. ಆದುದರಿಂದ ಮೋಟಾರಿನ ಸರಪಳಿ ಎಡಗಡೆಯಲ್ಲಿಯೇ ಇರಲಿ; ಪೆಡಲಿನ ಸರಪಳಿ ಬಲಗಡೆ ಯಥಾಸ್ಥಿತಿಯಲ್ಲಿ ಉಳಿಯಲಿ.

(ಉ) ಬಲ: ಹಳೆಯ ಚಕ್ರವು ಮೋಟಾರಿನ ಎಳೆತವನ್ನು ತಾಳೀತೇ ಎಂಬ ಸಂದೇಹ ಸಾಮಾನ್ಯ. ಲೆಕ್ಕ ನೋಡೋಣ. 70 ಕೆ.ಜಿ. ತೂಕದ ಸವಾರನು 17 ಸೆಂ.ಮೀ. ಉದ್ದದ ಕ್ರ್ಯಾಂಕ್‌ನ ಪೆಡಲ್ ಮೇಲೆ ಎದ್ದು ನಿಂತಾಗ 44 ಹಲ್ಲಿನ ಚಕ್ರದ ಮೂಲಕ ಸರಪಳಿಯ ಮೇಲೆ ಬೀಳುವ ಎಳೆತ ಸುಮಾರು 134 ಕೆ.ಜಿ. 250 ವ್ಯಾಟ್ ಮೋಟಾರ್ ನಿಮಿಷಕ್ಕೆ 250 ಸುತ್ತು ತಿರುಗುವಾಗ 32 ಹಲ್ಲಿನ ಚಕ್ರದ ಮೇಲೆ ಬೀಳುವ ಎಳೆತ ಸುಮಾರು 15 ಕೆ.ಜಿ. ಮಾತ್ರ. ಹೊರಡುವಾಗ ಇದು ಹಲವು ಪಟ್ಟು ಏರಬಹುದಾದರೂ ಸವಾರನ ತುಳಿತವನ್ನು ಮೀರುವ ಸಂಭವ ಕಡಿಮೆ. ಚಕ್ರ ಮುರಿಯುವ ಭಯಕ್ಕಿಂತ ಹಲ್ಲು ಸವೆದಿರುವ ಭಯ ದೊಡ್ಡದು. ಒಂದೇ ಬದಿಗೆ ಕೊಕ್ಕೆಯಂತೆ ಬಾಗಿರುವ ಹಲ್ಲುಗಳು ಹೊಸ ಸರಪಳಿಯನ್ನೂ ಬೇಗ ಹಾಳುಮಾಡುತ್ತವೆ.

(ಊ) ಅಚ್ಚಿನ ಹಿಡಿತ: ಹಬ್ ಮೋಟಾರಿನಲ್ಲಿ ಹೊರಕವಚ ತಿರುಗುತ್ತದೆ, ಅಚ್ಚು ನಿಂತಿರುತ್ತದೆ. ಆ ಅಚ್ಚು ತಿರುಗದಂತೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಚೌಕಟ್ಟಿಗೆ ಬಿಗಿಯಲೇಬೇಕು. ಇದನ್ನು ಬಿಟ್ಟರೆ ಅಚ್ಚು ತಿರುಚಿಕೊಂಡು ಅದರೊಳಗಿನ ತಂತಿಗಳು ಹರಿಯುತ್ತವೆ. ಮೋಟಾರ್ ದುರಸ್ತಿಯ ವೆಚ್ಚದ ಮುಂದೆ ಈ ಪಟ್ಟಿಯ ವೆಚ್ಚ ತೀರ ಅಲ್ಪ.

3. ಹಲ್ಲಿನ ಸಂಖ್ಯೆ ಮತ್ತು ಕಾನೂನು

ಗುಜರಿಯಲ್ಲಿ ಸಿಕ್ಕಿದ ಚಕ್ರವನ್ನು ಸಿಕ್ಕಿದಂತೆ ಬಳಸುವುದು ಎಷ್ಟು ಅಪಾಯಕರ ಎಂಬುದು ಈ ಭಾಗದಲ್ಲಿ ಸ್ಪಷ್ಟವಾಗುತ್ತದೆ. ವೇಗವನ್ನು ಕಂಡುಹಿಡಿಯುವ ಸೂತ್ರ ಸರಳ: ಮೋಟಾರಿನ ಸುತ್ತುಗಳನ್ನು ಮೋಟಾರಿನ ಕಡೆಯ ಹಲ್ಲುಗಳಿಂದ ಗುಣಿಸಿ, ಅಚ್ಚಿನ ಕಡೆಯ ಹಲ್ಲುಗಳಿಂದ ಭಾಗಿಸಿ, ಬಂದುದನ್ನು ಚಕ್ರದ ಸುತ್ತಳತೆಯಿಂದ ಗುಣಿಸಬೇಕು.

ಖಾಲಿ ಗಾಡಿಯು ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಮೋಟಾರ್ ನಿಮಿಷಕ್ಕೆ ಗರಿಷ್ಠ 250 ಸುತ್ತು ತಿರುಗುತ್ತದೆ, ಚಕ್ರದ ಸುತ್ತಳತೆ 2.2 ಮೀಟರ್ ಎಂದು ಇಟ್ಟುಕೊಳ್ಳೋಣ. ಆಗ ಗಂಟೆಯ ವೇಗ ಹೀಗಿರುತ್ತದೆ:

ಮೋಟಾರ್ 32 ಹಲ್ಲು, ಅಚ್ಚು 48 ಹಲ್ಲು: 22 ಕಿ.ಮೀ.
ಮೋಟಾರ್ 32 ಹಲ್ಲು, ಅಚ್ಚು 44 ಹಲ್ಲು: 24 ಕಿ.ಮೀ.
ಮೋಟಾರ್ 36 ಹಲ್ಲು, ಅಚ್ಚು 44 ಹಲ್ಲು: 27 ಕಿ.ಮೀ.
ಮೋಟಾರ್ 44 ಹಲ್ಲು, ಅಚ್ಚು 44 ಹಲ್ಲು: 33 ಕಿ.ಮೀ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ನಿಯಮದ ಪ್ರಕಾರ ಬ್ಯಾಟರಿ ಚಾಲಿತ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸದಿರಲು ಕೆಲವು ಷರತ್ತುಗಳಿವೆ. ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಪೆಡಲ್ ನೆರವಿನ ಸೈಕಲ್‌ಗಳಲ್ಲಿ ಸವಾರನು ತುಳಿಯುವುದನ್ನು ನಿಲ್ಲಿಸಿದಾಗ ಅಥವಾ ವೇಗವು 25 ಕಿ.ಮೀ. ಮುಟ್ಟಿದಾಗ ಮೋಟಾರಿನ ಶಕ್ತಿ ಕಡಿತಗೊಳ್ಳಬೇಕು. ತಕ್ಕ ಬ್ರೇಕ್‌ಗಳೂ ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕಗಳೂ ಇರಬೇಕು. ಈ ಷರತ್ತುಗಳ ಪಾಲನೆಯನ್ನು 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿ ಅನುಮೋದಿಸಿರಬೇಕು.

ಮೇಲಿನ ಪಟ್ಟಿಯ ಎರಡನೆಯ ಮತ್ತು ಮೂರನೆಯ ಸಾಲುಗಳ ನಡುವಿನ ಅಂತರ ಕೇವಲ ನಾಲ್ಕು ಹಲ್ಲು. ಆ ನಾಲ್ಕು ಹಲ್ಲುಗಳು ಗಾಡಿಯನ್ನು ವಿನಾಯಿತಿಯ ಗೆರೆಯಿಂದ ಆಚೆ ದಾಟಿಸುತ್ತವೆ. ದಾಟಿದ ಮೇಲೆ ನೋಂದಣಿ, ಚಾಲನಾ ಪರವಾನಗಿ, ವಿಮೆ ಎಲ್ಲವೂ ಅನ್ವಯಿಸುತ್ತವೆ. ಅಪಘಾತ ಸಂಭವಿಸಿದಲ್ಲಿ ವಿಮೆಯಿಲ್ಲದ ಮೋಟಾರು ವಾಹನದ ಹೊಣೆ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಮಾರಿದ ಘಟಕವೂ ಪ್ರಶ್ನೆಗೆ ಗುರಿಯಾಗುತ್ತದೆ. ಕಂಟ್ರೋಲರ್‌ನಲ್ಲಿ ವೇಗದ ಮಿತಿ ಹಾಕಬಹುದು ನಿಜ. ಆದರೆ ಅದನ್ನು ತೆಗೆದುಹಾಕುವುದೂ ಸುಲಭ. ಹಲ್ಲಿನ ಅನುಪಾತದಲ್ಲಿಯೇ ಮಿತಿಯನ್ನು ಅಡಗಿಸುವುದು ಹೆಚ್ಚು ಭದ್ರ.

ನಿಯಮದಲ್ಲಿರುವುದು 'ಕಡಿಮೆ' ಎಂಬ ಪದ ಎಂಬುದನ್ನೂ ಗಮನಿಸಬೇಕು. ಸರಿಯಾಗಿ 250 ವ್ಯಾಟ್ ಎಂದು ಮುದ್ರಿತವಾದ ಮೋಟಾರ್ ಗೆರೆಯ ಮೇಲೆ ನಿಂತಿದೆ. ಪರೀಕ್ಷಾ ವರದಿಯಲ್ಲಿನ ಮೂವತ್ತು ನಿಮಿಷಗಳ ಶಕ್ತಿ ಎಷ್ಟೆಂದು ಮಾರಾಟಗಾರನಿಂದ ಲಿಖಿತವಾಗಿ ಪಡೆಯತಕ್ಕದ್ದು. ಇನ್ನು ಬಾಡಿಗೆಗೆ ಸರಕು ಸಾಗಿಸುವ, 4000 ವ್ಯಾಟ್ ಮೀರದ ಮೂರು ಚಕ್ರದ ಬ್ಯಾಟರಿ ವಾಹನಗಳಿಗೆ 2015ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 2ಎ ಕಲಮಿನಲ್ಲಿ 'ಇ-ಕಾರ್ಟ್' ಎಂಬ ಪ್ರತ್ಯೇಕ ವರ್ಗವಿದೆ. ತಮ್ಮ ವಿನ್ಯಾಸ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಮೊದಲ ಗಾಡಿ ಮಾರುವ ಮುನ್ನವೇ ಪರೀಕ್ಷಾ ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳಿತು.

4. ವೆಚ್ಚದ ಲೆಕ್ಕ

ಈಗ ಹಣದ ವಿಷಯ. ಕೆಳಗಿನ ದರಗಳು ವಿಧಾನವನ್ನು ವಿವರಿಸಲು ಭಾವಿಸಿಕೊಂಡವು; ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಕ್ರ್ಯಾಂಕ್ ಸಹಿತ 100 ಹಳೆಯ ಚೈನ್ ವೀಲ್‌ಗಳು, ಒಂದಕ್ಕೆ ಒಂದು ಕೆ.ಜಿ.ಯಂತೆ 100 ಕೆ.ಜಿ., ಕೆ.ಜಿ.ಗೆ 40 ರೂಪಾಯಿಯಂತೆ ಖರೀದಿಯಾಗಿವೆ. ಪರಿಶೀಲನೆಯಲ್ಲಿ 40 ತಿರಸ್ಕೃತವಾದವು. 60 ಕತ್ತರಿಸುವ ಹಂತಕ್ಕೆ ಹೋದವು; ಅವುಗಳಲ್ಲಿ 6 ಕೆಟ್ಟವು. ಉಳಿದ ಒಳ್ಳೆಯ ಮಾಲು 54; ಪ್ರತಿಯೊಂದರ ತೂಕ ಅರ್ಧ ಕೆ.ಜಿ. ಮಿಕ್ಕ 73 ಕೆ.ಜಿ. ಲೋಹವನ್ನು ಕೆ.ಜಿ.ಗೆ 30 ರೂಪಾಯಿಯಂತೆ ಗುಜರಿಗೇ ಮರಳಿ ಮಾರಲಾಯಿತು. ಕೂಲಿ ಗಂಟೆಗೆ 125 ರೂಪಾಯಿ.

ಖರೀದಿ: ರೂ. 4,000
ಕಳೆಯಿರಿ, ಗುಜರಿ ಮರುಮಾರಾಟ: ರೂ. 2,190
ಆಯ್ಕೆ ಮತ್ತು ಶುಚಿ, 100ಕ್ಕೆ ತಲಾ 6 ನಿಮಿಷ (10 ಗಂಟೆ): ರೂ. 1,250
ಕತ್ತರಿಸಿ ಕೊರೆಯುವುದು, 60ಕ್ಕೆ ತಲಾ 25 ನಿಮಿಷ (25 ಗಂಟೆ): ರೂ. 3,125
ಸರಿಪಡಿಸಿ ಪರೀಕ್ಷಿಸುವುದು, 54ಕ್ಕೆ ತಲಾ 10 ನಿಮಿಷ (9 ಗಂಟೆ): ರೂ. 1,125
ನಡುತಟ್ಟೆ ಮತ್ತು ಬೋಲ್ಟ್‌ಗಳು, 54ಕ್ಕೆ ತಲಾ ರೂ. 90: ರೂ. 4,860
ಬಿಟ್, ಕಟಿಂಗ್ ಚಕ್ರ, ವಿದ್ಯುತ್, 60ಕ್ಕೆ ತಲಾ ರೂ. 30: ರೂ. 1,800
ನಿವ್ವಳ ವೆಚ್ಚ: ರೂ. 13,970
ಒಂದು ಒಳ್ಳೆಯ ಮಾಲಿಗೆ: ಸುಮಾರು ರೂ. 259

40 ರೂಪಾಯಿಗೆ ಕೊಂಡ ವಸ್ತು 259 ರೂಪಾಯಿಗೆ ಏರಿತು. ಇದರಲ್ಲಿ ಗುಜರಿಯ ನಿವ್ವಳ ಪಾಲು 34 ರೂಪಾಯಿಯಷ್ಟೇ, ಅಂದರೆ ನೂರಕ್ಕೆ 13. ಮಿಕ್ಕುದೆಲ್ಲ ಕೂಲಿ, ತಟ್ಟೆ ಮತ್ತು ಉಪಕರಣಗಳ ಸವೆತ.

ಈ ಲೆಕ್ಕವನ್ನು ಸ್ವಲ್ಪ ಬದಲಿಸಿ ನೋಡಿದರೆ ಗಮನವನ್ನು ಎಲ್ಲಿಡಬೇಕೆಂಬುದು ತಿಳಿಯುತ್ತದೆ. ಗುಜರಿ ವ್ಯಾಪಾರಿಯೊಡನೆ ಚೌಕಾಶಿ ಮಾಡಿ ಕೆ.ಜಿ.ಗೆ 5 ರೂಪಾಯಿ ಇಳಿಸಿದರೆ ಪ್ರತಿ ಮಾಲಿಗೆ ಉಳಿಯುವುದು ಸುಮಾರು 9 ರೂಪಾಯಿ. ರಂಧ್ರ ಕೊರೆಯಲು ಒಂದು ಜಿಗ್ ಮಾಡಿಸಿ 25 ನಿಮಿಷದ ಕೆಲಸವನ್ನು 15 ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಸುಮಾರು 23 ರೂಪಾಯಿ. ಪ್ರತಿಯಾಗಿ, ಅದೇ ಕೆಲಸ 45 ನಿಮಿಷ ಹಿಡಿದರೆ ವೆಚ್ಚ 305 ರೂಪಾಯಿಗೆ ಏರುತ್ತದೆ. ತಿರಸ್ಕೃತ ಮಾಲು 40ರಿಂದ 65ಕ್ಕೆ ಏರಿ, ಕತ್ತರಿಸಿದ 35ರಲ್ಲಿ 32 ಒಳ್ಳೆಯವು ದೊರೆತರೂ ವೆಚ್ಚ 286 ರೂಪಾಯಿಯಲ್ಲಿ ನಿಲ್ಲುತ್ತದೆ. ಅಂದಮೇಲೆ ಸಂಶಯಾಸ್ಪದ ಚಕ್ರವನ್ನು ಮೊದಲ ಆರು ನಿಮಿಷಗಳಲ್ಲಿಯೇ ಪಕ್ಕಕ್ಕೆ ಎಸೆಯುವುದು ಅಗ್ಗ. ಅದನ್ನು ಉಳಿಸಲು ಲೇತ್‌ನ ಮುಂದೆ ಹೆಣಗುವುದು ದುಬಾರಿ.

ಇದೇ ಅಳತೆಯ ಹೊಸ ಚೈನ್ ವೀಲ್ ಅನ್ನು ತಟ್ಟೆಯಿಂದಲೇ ಕತ್ತರಿಸಿಕೊಡಲು ಸ್ಥಳೀಯ ಲೇಸರ್ ಕಟಿಂಗ್ ಘಟಕದಿಂದ ದರಪಟ್ಟಿ ತರಿಸಿಕೊಳ್ಳಬೇಕು. ಆ ದರವು ಮೇಲಿನ ರೀತಿಯಲ್ಲಿ ಬಂದ ವೆಚ್ಚಕ್ಕಿಂತ ಕಡಿಮೆಯಿದ್ದರೆ ಗುಜರಿಯ ಹಾದಿ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಲೆಕ್ಕಪತ್ರದಲ್ಲಿ ದಾಸ್ತಾನಿನ ಮೌಲ್ಯ ನಿರ್ಧರಿಸುವಾಗ ಲೆಕ್ಕಪದ್ಧತಿ ಮಾನಕ 2ನ್ನು ಅನುಸರಿಸಬೇಕು. ವಾಡಿಕೆಯ ನಷ್ಟವು ಒಳ್ಳೆಯ ಮಾಲಿನ ವೆಚ್ಚದಲ್ಲಿ ಸೇರುತ್ತದೆ. ಅಸಹಜ ನಷ್ಟವನ್ನು ಆಯಾ ವರ್ಷದ ಖರ್ಚಿಗೆ ಬರೆಯಬೇಕು. ಮರುಮಾರಾಟದ ಗುಜರಿಯ ಮೌಲ್ಯವನ್ನು ಮುಖ್ಯ ಮಾಲಿನ ವೆಚ್ಚದಿಂದ ಕಳೆಯಬೇಕು. ಪ್ರತಿ ಗಂಟಿನಲ್ಲಿ ಎಷ್ಟು ತಿರಸ್ಕೃತವಾಯಿತೆಂಬ ದಾಖಲೆ ಇಲ್ಲದಿದ್ದರೆ ವಾಡಿಕೆಯ ನಷ್ಟ ಎಷ್ಟೆಂದು ಹೇಳುವುದೇ ಅಸಾಧ್ಯ.

5. ಜಿಎಸ್‌ಟಿ: ವಸ್ತುವಿನ ಹೆಸರೇನು?

ಒಂದೇ ಚಕ್ರವು ಮೂರು ಹಂತಗಳಲ್ಲಿ ಮೂರು ಹೆಸರು ಪಡೆಯಬಹುದು: ಗುಜರಿ, ಬಳಸಿದ ಬಿಡಿಭಾಗ, ಹೊಸ ತಯಾರಿಕೆ.

ಗುಜರಿ ಎಂದಾದಲ್ಲಿ: 2024ರ ಅಕ್ಟೋಬರ್ 10ರಿಂದ ನೋಂದಾಯಿತ ವ್ಯಾಪಾರಿಯು ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡರೆ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾನೇ ತೆರಿಗೆ ಕಟ್ಟಬೇಕು. ಕಬ್ಬಿಣದ ಗುಜರಿಯ ದರ ಶೇ. 18. ನಮ್ಮ ಉದಾಹರಣೆಯಲ್ಲಿ 4,000 ರೂಪಾಯಿಗೆ 720 ರೂಪಾಯಿ. ಇದನ್ನು ನಗದು ಖಾತೆಯಿಂದಲೇ ಪಾವತಿಸಬೇಕು. ಸ್ವಯಂ ಬಿಲ್ ಬರೆಯಬೇಕು. ಸಾಮಾನ್ಯ ಪದ್ಧತಿಯ ವರ್ತಕನಿಗೆ ಈ ಮೊತ್ತವು ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಕಾಂಪೊಸಿಷನ್ ಪದ್ಧತಿಯವರಿಗೆ ಜಮೆ ಇಲ್ಲದಿರುವುದರಿಂದ ಪ್ರತಿ ಮಾಲಿಗೆ 13 ರೂಪಾಯಿ ಹೆಚ್ಚುವರಿ ವೆಚ್ಚ.

ಬಳಸಿದ ಬಿಡಿಭಾಗ ಎಂದಾದಲ್ಲಿ: ಸುಂಕಪಟ್ಟಿಯ ಪ್ರಕಾರ ಮುರಿತ, ಸವೆತ ಮುಂತಾದ ಕಾರಣಗಳಿಂದ ಇದ್ದಂತೆಯೇ ಬಳಸಲು ಖಂಡಿತವಾಗಿ ಬಾರದ ಲೋಹವಸ್ತು ಮಾತ್ರ ಗುಜರಿ. ಇನ್ನೂ ಸೈಕಲ್‌ಗೆ ಹಾಕಬಹುದಾದ ಚೈನ್ ವೀಲ್ ಅನ್ನು ಬಿಡಿಭಾಗವೆಂದು ವಾದಿಸಲು ಅವಕಾಶವಿದೆ. ಆದರೆ ತೂಕಕ್ಕೆ ಕೊಂಡು, ಖರೀದಿ ಪುಸ್ತಕದಲ್ಲಿ 'ಸ್ಕ್ರ್ಯಾಪ್' ಎಂದು ಬರೆದು, ಅನಂತರ ಬಿಡಿಭಾಗವೆಂದು ವಾದಿಸಿದರೆ ಅದು ನಿಲ್ಲುವುದು ಕಷ್ಟ. ಆರಿಸಿ, ಎಣಿಸಿ, ನಗದೊಂದಕ್ಕೆ ಇಂತಿಷ್ಟು ಎಂದು ಬೆಲೆ ಕಟ್ಟಿ ಕೊಂಡ ದಾಖಲೆಯಿರಬೇಕು. ಅಂಥ ಭಾಗವನ್ನು ಶುಚಿಗೊಳಿಸಿ ಇದ್ದಂತೆಯೇ ಮಾರಿದರೆ 32(5)ನೇ ನಿಯಮದ ಪ್ರಕಾರ ಮಾರಾಟ ಮತ್ತು ಖರೀದಿ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ. ಕತ್ತರಿಸಿ, ತಟ್ಟೆ ಸೇರಿಸಿ, ಮೋಟಾರಿಗೆ ಹೊಂದಿಸಿದ ಮೇಲೆ ವಸ್ತುವಿನ ಸ್ವರೂಪವೇ ಬದಲಾಗುವುದರಿಂದ ಈ ಸೌಲಭ್ಯವನ್ನು ನೆಚ್ಚಿಕೊಳ್ಳಲಾಗದು.

ಮಾರಾಟದ ಹಂತ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಮೋಟಾರಿಗಾಗಿ ವಿಶೇಷವಾಗಿ ಹೊಂದಿಸಿದ ಚೈನ್ ವೀಲ್ ಇನ್ನೂ ಸೈಕಲ್‌ನ ಬಿಡಿಭಾಗವೇ, ಅಥವಾ ಶೇ. 18ರ ದರವಿರುವ ಯಂತ್ರಭಾಗವೇ ಎಂಬುದು ವಿವಾದಕ್ಕೆ ಎಡೆಯಿರುವ ಪ್ರಶ್ನೆ. ದೊಡ್ಡ ಪ್ರಮಾಣದಲ್ಲಿ ಮಾರುವವರು 97ನೇ ಕಲಮಿನಡಿ ಮುಂಗಡ ತೀರ್ಪು ಪಡೆಯುವುದು ಸೂಕ್ತ. ಮೋಟಾರ್, ಬ್ಯಾಟರಿ, ಚೈನ್ ವೀಲ್ ಎಲ್ಲವನ್ನೂ ಕಿಟ್ ಆಗಿ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆ ಎನಿಸಿ ಅತಿ ಹೆಚ್ಚಿನ ದರ ಅನ್ವಯಿಸುವ ಸಂಭವವಿದೆ.

ಸಂಪೂರ್ಣ ವಿದ್ಯುತ್ ವಾಹನದ ದರ 2019ರ ಆಗಸ್ಟ್ 1ರಿಂದ ಶೇ. 5. ಮೋಟಾರ್ ಮತ್ತು ಬ್ಯಾಟರಿಗಳ ದರ ಶೇ. 18. ಹೂಡುವಳಿ ತೆರಿಗೆ ಹೆಚ್ಚು, ಮಾರಾಟ ತೆರಿಗೆ ಕಡಿಮೆ. 20,000 ರೂಪಾಯಿಯ ಭಾಗಗಳ ಮೇಲೆ 3,600 ರೂಪಾಯಿ ತೆರಿಗೆ ಕೊಟ್ಟು, ವಾಹನವನ್ನು 36,000 ರೂಪಾಯಿಗೆ ಮಾರಿ 1,800 ರೂಪಾಯಿ ತೆರಿಗೆ ವಸೂಲು ಮಾಡಿದರೆ, ಪ್ರತಿ ಗಾಡಿಗೆ 1,800 ರೂಪಾಯಿ ಜಮೆ ಖಾತೆಯಲ್ಲಿಯೇ ಸಿಲುಕುತ್ತದೆ. ಇದನ್ನು 54(3)ನೇ ಕಲಮು ಮತ್ತು 89(5)ನೇ ನಿಯಮದಡಿ ಮರುಪಾವತಿಯಾಗಿ ಕೇಳಬಹುದು. ಅವಧಿ ಎರಡು ವರ್ಷ. ಯಂತ್ರೋಪಕರಣ ಮತ್ತು ಸೇವೆಗಳ ಮೇಲಿನ ತೆರಿಗೆಯು ಈ ಮರುಪಾವತಿಗೆ ಸೇರುವುದಿಲ್ಲ. ಗ್ರಾಹಕನು ತಂದ ಹಳೆಯ ಟ್ರೈಸಿಕಲ್‌ಗೆ ಮೋಟಾರ್ ಅಳವಡಿಸಿಕೊಟ್ಟರೆ ಅದು ವಾಹನದ ಮಾರಾಟವಲ್ಲ, ಅಲ್ಲಿ ಶೇ. 5 ಎಂದು ಊಹಿಸಿಕೊಂಡು ಬಿಲ್ ಮಾಡುವುದು ಅಪಾಯ.

6. ಪಾಲಿಸಬೇಕಾದ ದಾಖಲೆಗಳು

(1) ಗುಜರಿ ಖರೀದಿಯ ಪುಸ್ತಕ: ಮಾರಿದವನ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ, ಸಂಖ್ಯೆ, ತೂಕ. ಕದ್ದ ಸೈಕಲ್‌ನ ಭಾಗವೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಸದ್ಭಾವನೆಗೆ ಈ ಪುಸ್ತಕವೇ ಸಾಕ್ಷಿ.

(2) ಒಬ್ಬನೇ ವ್ಯಕ್ತಿಗೆ ದಿನಕ್ಕೆ 10,000 ರೂಪಾಯಿ ಮೀರಿದ ನಗದು ಪಾವತಿಯು ಆದಾಯ ತೆರಿಗೆಯಲ್ಲಿ ಖರ್ಚಾಗಿ ಮಾನ್ಯವಾಗುವುದಿಲ್ಲ. ಬ್ಯಾಂಕ್ ಮೂಲಕವೇ ಪಾವತಿಸಿರಿ.

(3) ಪ್ರತಿ ಗಂಟಿನ ತಿರಸ್ಕಾರ ಪಟ್ಟಿ ಮತ್ತು ಕೆಲಸದ ಗಂಟೆಗಳ ಚೀಟಿ.

(4) ಪ್ರತಿ ಗಾಡಿಯ ಹಲ್ಲಿನ ಅನುಪಾತ, ಖಾಲಿ ಗಾಡಿಯ ಪರೀಕ್ಷಿತ ವೇಗ, ಮೋಟಾರಿನ ಕ್ರಮಸಂಖ್ಯೆ. ಇದರ ಒಂದು ಪ್ರತಿ ಗ್ರಾಹಕನಿಗೂ ಸಲ್ಲಲಿ.

ಒಟ್ಟಿನಲ್ಲಿ ಹೇಳುವುದಾದರೆ ಹಳೆಯ ಚೈನ್ ವೀಲ್ ಮೋಟಾರಿನ ಕೆಲಸಕ್ಕೆ ಸಾಲುವಷ್ಟು ಗಟ್ಟಿಯಾದ ವಸ್ತುವೇ ಸರಿ. ಅದನ್ನು ಲಾಭಕ್ಕೆ ತಿರುಗಿಸಬೇಕಾದರೆ ಆಯ್ಕೆ ಕಠಿಣವಾಗಿರಬೇಕು, ಕೊರೆಯುವ ಕೆಲಸ ಜಿಗ್ ಮೇಲೆ ನಡೆಯಬೇಕು, ಹಲ್ಲುಗಳನ್ನು ಎಣಿಸಿದ ಮೇಲೆಯೇ ಚಕ್ರಗಳನ್ನು ಜೊತೆಗೂಡಿಸಬೇಕು. ಈ ಉದ್ಯಮಕ್ಕೆ ಇಳಿಯಬಯಸುವ ಸದಸ್ಯರು ಮೊದಲು ಒಂದು ನೂರರ ಗಂಟನ್ನು ಕೊಂಡು, ಮೇಲಿನ ಪಟ್ಟಿಯಲ್ಲಿ ತಮ್ಮದೇ ಅಂಕಿಗಳನ್ನು ತುಂಬಿ, ಹೊಸ ಚಕ್ರದ ದರಪಟ್ಟಿಯ ಪಕ್ಕದಲ್ಲಿಟ್ಟು ನೋಡಿದ ಬಳಿಕವೇ ಬಂಡವಾಳ ಹೂಡುವುದು ವಿವೇಕ.